ಟೆಲಿಕಾಂ ಕಂಪನಿಯ ದೇಣಿಗೆ ತಗೊಂಡು ಮುಕ್ತ ಮಾರುಕಟ್ಟೆಯ ಮಾತಾಡಬಹುದಾ?

ಪ್ರಶ್ನೆ: ನಾವು ಡೊಂಬಿವಲಿಯ ನಾಲ್ಕು ಜನ. ಇಬ್ಬರು ಟೆಲಿಫೋನ್ ನೌಕರಿಯಿಂದ ನಿವೃತ್ತರಾದವರು, ಒಬ್ಬರು ವಕೀಲರು, ನಾನು ಅರ್ಥಶಾಸ್ತ್ರದ ಮೇಷ್ಟ್ರು. ಫೋನ್, ಇಂಟರ್ನೆಟ್, ಕೇಬಲ್ ನೀತಿಗಳನ್ನು ಅಭ್ಯಾಸ ಮಾಡಿ ಮುಕ್ತ ಮಾರುಕಟ್ಟೆಯ ಪರವಾಗಿ ಬರೆಯುವ ಪುಟ್ಟ ಸಂಸ್ಥೆ ಕಟ್ಟಬೇಕು ಅಂತಿದ್ದೇವೆ. ದೇಣಿಗೆ ಯಾರನ್ನು ಕೇಳೋದು? ಟೆಲಿಕಾಂ ಕಂಪನಿ ಕೊಟ್ಟರೆ ತಗೋಬಹುದಾ?

ಉತ್ತರ: ತಗೋಬಹುದು, ತಪ್ಪೇನಿಲ್ಲ. ಆದರೆ ಮೊದಲ ಚೆಕ್ಕು ಅವರದ್ದಾಗಬಾರದು.

ಯಾಕೆ ಅಂದರೆ, ಒಂದು ಉದಾಹರಣೆ ನೋಡಿ. ಟೆಲಿಕಾಂ ಕಂಪನಿಗಳು ಎಜಿಆರ್ ಅನ್ನುವ ಆದಾಯದ ಲೆಕ್ಕದಲ್ಲಿ ಶೇ 8ರಷ್ಟು ಲೈಸೆನ್ಸ್ ಶುಲ್ಕ ಕಟ್ಟುತ್ತವೆ. ಅದರಲ್ಲಿ ಶೇ 5 ಹೋಗುವುದು ಹಳ್ಳಿಗಾಡಿನ ಸಂಪರ್ಕಕ್ಕೆ ಅಂತ ಇಟ್ಟ ನಿಧಿಗೆ. ಅದರ ಈಗಿನ ಹೆಸರು ಡಿಜಿಟಲ್ ಭಾರತ್ ನಿಧಿ. ಈ ಹೊರೆ ಇಳಿಸಿ ಅಂತ ನೀವು ಬರೆಯುತ್ತೀರಿ. ಕಂಪನಿಯವರಿಗೆ ಖುಷಿಯೋ ಖುಷಿ. ಮುಂದಿನ ತಿಂಗಳು ಇನ್ನೊಂದು ವಿಷಯ ಬರುತ್ತದೆ. ನಮ್ಮ ನೆಟ್‌ವರ್ಕ್ ಮೇಲೆ ವಿಡಿಯೊ ಹರಿಸಿ ದುಡ್ಡು ಮಾಡುವ ದೊಡ್ಡ ಇಂಟರ್ನೆಟ್ ಕಂಪನಿಗಳಿಂದ ನಮಗೂ ಪಾಲು ಕೊಡಿಸಿ ಅಂತ ಅದೇ ಟೆಲಿಕಾಂ ಕಂಪನಿಗಳು ಸರ್ಕಾರದ ಮುಂದೆ ನಿಲ್ಲುತ್ತವೆ. ಈಗ ನೀವು ಏನು ಬರೆಯುತ್ತೀರಿ? ನಿಮ್ಮ ತತ್ವ ನಿಜವಾಗಿದ್ದರೆ, ಬೇಕಾದರೆ ನೀವು ನೀವೇ ವ್ಯಾಪಾರ ಕುದುರಿಸಿಕೊಳ್ಳಿ, ಸರ್ಕಾರದ ಕೈಯಿಂದ ವಸೂಲಿ ಬೇಡ ಅಂತಲೇ ಬರೆಯಬೇಕು. ಅದನ್ನು ಬರೆಯುವ ದಿನ ನಿಮ್ಮ ಆಫೀಸಿನ ಬಾಡಿಗೆ ಯಾರ ದುಡ್ಡಿನಲ್ಲಿ ಹೋಗುತ್ತಿದೆ?

ಮಾರುಕಟ್ಟೆಯ ಪರ ಅಂದರೆ ಈಗಿರುವ ಅಂಗಡಿಯವರ ಪರ ಅಂತಲ್ಲ, ಅಲ್ವಾ? ಪಕ್ಕದಲ್ಲಿ ಹೊಸ ಅಂಗಡಿ ಇಡುವವನಿಗೂ ಅಡ್ಡ ಬರಬೇಡಿ ಅನ್ನುವುದೇ ಅದರ ಅರ್ಧ ಭಾಗ. ತೊಡಕೇನೆಂದರೆ, ಆ ಹೊಸಬನ ಹತ್ತಿರ ನಿಮಗೆ ಕೊಡಲು ಇನ್ನೂ ದುಡ್ಡಿಲ್ಲ. ಗಿರಾಕಿಗಳಿಗೆ ಲಾಭ ಆಗುತ್ತದೆ ನಿಜ. ಆದರೆ ತಲಾ ಹತ್ತು ಇಪ್ಪತ್ತು ರೂಪಾಯಿ ಉಳಿಯುವುದಕ್ಕೆ ಯಾರು ತಾನೇ ರಸೀದಿ ಹರಿಸಿಕೊಳ್ಳುತ್ತಾರೆ? ಹಾಗಾಗಿ ಕೊನೆಗೆ ಎಲ್ಲರೂ ಕಂಪನಿ ಬಾಗಿಲಿಗೇ ಹೋಗುತ್ತಾರೆ. ಅಮೆರಿಕದಲ್ಲೂ ಕಥೆ ಬೇರೆಯಲ್ಲ. ವಾಷಿಂಗ್ಟನ್‌ನಲ್ಲಿ 1993ರಲ್ಲಿ ಶುರುವಾದ ಪ್ರೋಗ್ರೆಸ್ ಅಂಡ್ ಫ್ರೀಡಂ ಫೌಂಡೇಶನ್ ಇದೇ ವಿಷಯಗಳಲ್ಲಿ ಹೆಸರು ಮಾಡಿತ್ತು. ಹೆಚ್ಚಾಗಿ ಕಂಪನಿಗಳ ಬೆಂಬಲದಲ್ಲೇ ನಡೆಯುತ್ತಿತ್ತು. 2010ರಲ್ಲಿ ಬಾಗಿಲು ಹಾಕಿತು.

ಒಬ್ಬರಿಂದ ವರ್ಷದ ಖರ್ಚಿನ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ತಗೋಬೇಡಿ. ಇದು ಕಾನೂನಲ್ಲ, ನನ್ನ ಲೆಕ್ಕ. ಅವರು ಮುನಿಸಿಕೊಂಡು ಹೋದರೂ ಒಂಬತ್ತು ಪಾಲು ಕೈಯಲ್ಲಿರುತ್ತದೆ. ಯಾರು ಎಷ್ಟು ಕೊಟ್ಟರು ಅಂತ ವರದಿಯ ಮೊದಲ ಪುಟದಲ್ಲೇ ಹಾಕಿ, ಹಿಂದಿನ ರಕ್ಷಾಪುಟದ ಒಳಗೆ ಸಣ್ಣ ಅಕ್ಷರದಲ್ಲಲ್ಲ.

ಮುಂಬೈಗೆ ಈ ಕೆಲಸ ಹೊಸದೇನಲ್ಲ. ಅರ್ಥಶಾಸ್ತ್ರ ಬಲ್ಲ ಉದ್ಯಮಿ ಎ.ಡಿ. ಶ್ರಾಫ್ ಇಲ್ಲೇ 1956ರಲ್ಲಿ ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್ ಕಟ್ಟಿದರು. ಸಣ್ಣ ಸಣ್ಣ ಪುಸ್ತಿಕೆ ಅಚ್ಚು ಹಾಕಿ ಹಂಚುವುದೇ ಅದರ ದೊಡ್ಡ ಕೆಲಸ. ಅದರ ವೇದಿಕೆಯಲ್ಲಿ ಹೆಸರಾಂತ ವಕೀಲ ನಾನಿ ಪಾಲ್ಖಿವಾಲಾ ಅವರ ಬಜೆಟ್ ಭಾಷಣ ಒಂದು ಹೋಟೆಲಿನ ಹಾಲಿನಲ್ಲಿ ಶುರುವಾಗಿ ಬ್ರಬೋರ್ನ್ ಸ್ಟೇಡಿಯಂ ತುಂಬಿಸುವಷ್ಟು ಬೆಳೆಯಿತು. ಜನ ಸಿದ್ಧಾಂತ ಕೇಳೋಕೆ ಬಂದರು ಅಂತ ನನಗನಿಸುವುದಿಲ್ಲ. ತಮ್ಮ ಜೇಬಿಗೆ ಏನಾಗುತ್ತದೆ ಅಂತ ತಿಳಿಯೋಕೆ ಬಂದರು.

ನನಗೆ ಇದು ಅರ್ಥವಾದದ್ದು ಮಾಟುಂಗಾದ ಒಂದು ಹೋಟೆಲಿನ ಗಲ್ಲಾದ ಮುಂದೆ. ನಿಮ್ಮಂಥದೇ ಒಂದು ತಂಡದ ಇಬ್ಬರು ಗೆಳೆಯರ ಜೊತೆ ಹೋಗಿದ್ದೆ. ಯಜಮಾನರು ಕುಂದಾಪುರದ ಕಡೆಯವರು. ಯಕ್ಷಗಾನ, ಬ್ರಹ್ಮಕಲಶ, ಸ್ಮರಣ ಸಂಚಿಕೆಯ ಜಾಹೀರಾತು, ಯಾವುದಕ್ಕೂ ಇಲ್ಲ ಅಂದವರಲ್ಲ. ನಮ್ಮ ಎಂಟು ಪುಟದ ಪುಸ್ತಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಆಟ ಆದ್ರೆ ಹೇಳಿ, ಈಗ್ಲೇ ಬರೀತೇನೆ. ಇದು ಎಂತ ಮಾರಾಯ್ರೆ?"

ಗೆಳೆಯ ಸ್ಪೆಕ್ಟ್ರಂ ಅಂತ ಶುರು ಮಾಡಿದ. ಯಜಮಾನರ ಕೈ ಆಗಲೇ ಮುಂದಿನ ಬಿಲ್ಲಿನ ಕಡೆ ಹೋಗಿತ್ತು. ನಾನು ನಡುವೆ ಬಾಯಿ ಹಾಕಿ, ನಿಮ್ಮ ಮನೆಗೆ ಇಂಟರ್ನೆಟ್ ಯಾರದ್ದು ಅಂತ ಕೇಳಿದೆ. ಪೆನ್ನು ಕೆಳಗಿಟ್ಟರು.

"ಅದೊಂದು ಕೇಳ್ಬೇಡಿ. ಇಡೀ ಬಿಲ್ಡಿಂಗಿಗೆ ಒಂದೇ ಕಂಪನಿ. ಬಿಲ್ಡರ್ ಹೇಳಿದ್ದೇ ಸೈ. ಬೇರೆಯವರು ಬಂದ್ರೆ ವಾಚ್‌ಮನ್ ಒಳಗೇ ಬಿಡುದಿಲ್ಲ."

ಅದೇ ನಮ್ಮ ವಿಷಯ ಅಂದೆ. ಕಟ್ಟಡದ ಒಳಗೆ ಒಂದೇ ಕಂಪನಿಗೆ ಜಾಗ ಕೊಟ್ಟು ಉಳಿದವರನ್ನು ಹೊರಗಿಡುವ ಒಪ್ಪಂದ ಕೂಡದು ಅಂತ ಟ್ರಾಯ್, ಅಂದರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, 2017ರ ಜನವರಿಯಲ್ಲೇ ಶಿಫಾರಸು ಮಾಡಿತ್ತು. ಶಿಫಾರಸು ಕಾಗದದಲ್ಲಿದೆ, ನಿಮ್ಮ ವಾಚ್‌ಮನ್ ಗೇಟಿನಲ್ಲಿದ್ದಾನೆ. ಈ ನಡುವಿನ ದೂರದ ಬಗ್ಗೆ ಬರೆಯೋರು ಯಾರಾದರೂ ಬೇಕಲ್ಲ? ಯಜಮಾನರು ಮೂರು ಕಾಫಿ ಹೇಳಿದರು.

ಹಾಗಾಗಿ ದೇಣಿಗೆ ಕೇಳುವ ಮೊದಲು ಒಂದಾದರೂ ಕೆಲಸ ಮಾಡಿ ಕೈಯಲ್ಲಿಟ್ಟುಕೊಳ್ಳಿ. ಟ್ರಾಯ್ ಯಾವುದೇ ವಿಷಯದ ಬಗ್ಗೆ ಸಮಾಲೋಚನಾ ಪತ್ರ ಹೊರಡಿಸಿದರೆ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು. ಶುಲ್ಕವಿಲ್ಲ. ಅದು ನಿಮ್ಮ ಹೆಸರಿನಲ್ಲೇ ಅವರ ವೆಬ್‌ಸೈಟಿಗೆ ಬರುತ್ತದೆ, ದೊಡ್ಡ ಕಂಪನಿಗಳ ಪತ್ರಗಳ ಪಕ್ಕದಲ್ಲೇ. ಅದರ ಪ್ರಿಂಟ್ ತೆಗೆದು ತೋರಿಸಿ. ಬಣ್ಣ ಬಣ್ಣದ ಬ್ರೋಷರ್‌ಗಿಂತ ಅದಕ್ಕೆ ತೂಕ ಜಾಸ್ತಿ.

ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ಸಿಎಸ್ಆರ್ ದುಡ್ಡಿನ ಮೇಲೆ ಆಸೆ ಇಡಬೇಡಿ. ಆ ದುಡ್ಡು ಯಾವುದಕ್ಕೆ ಹೋಗಬಹುದು ಅಂತ ಹೇಳುವ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಶಿಕ್ಷಣ, ಆರೋಗ್ಯ, ಪರಿಸರ ಎಲ್ಲ ಇದೆ. ಟೆಲಿಕಾಂ ನೀತಿಯ ಅಧ್ಯಯನ ಅಂತ ಒಂದು ಸಾಲಿಲ್ಲ.

ವಿದೇಶದ ದುಡ್ಡಿನಲ್ಲಿ ಮಾತ್ರ ಬಹಳ ಹುಷಾರು. ಅದನ್ನು ತಗೊಳ್ಳೋಕೆ ಎಫ್‌ಸಿಆರ್‌ಎ ಅನ್ನುವ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕೆಂದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿಯನ್ನು ಮೂಲ ಕೆಲಸಕ್ಕೆ ಖರ್ಚು ಮಾಡಿರಬೇಕು. ನಿಮ್ಮ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ ಅಂತಿಟ್ಟುಕೊಳ್ಳಿ. ಅವನ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ ನೂರು ಡಾಲರ್ ಕಳಿಸಿದರೂ ಅದು ವಿದೇಶಿ ದೇಣಿಗೆಯೇ. ಮಾವ ಅನ್ನುವ ಪ್ರೀತಿ ಅಲ್ಲಿ ಲೆಕ್ಕಕ್ಕಿಲ್ಲ. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನಂಥ ಹಳೆಯ ನೀತಿ ಅಧ್ಯಯನ ಸಂಸ್ಥೆಯ ಎಫ್‌ಸಿಆರ್‌ಎ ನೋಂದಣಿಯೇ 2024ರಲ್ಲಿ ರದ್ದಾಯಿತು.

80ಜಿ ಅಂತ ಜನ ಕರೆಯುವ ದೇಣಿಗೆಯ ತೆರಿಗೆ ರಿಯಾಯಿತಿಯ ವಿಷಯ ಬೇಗ ಮುಗಿಸುತ್ತೇನೆ. ಅನುಮೋದನೆ ಸಿಕ್ಕಿದ್ದರೆ ಕೊಟ್ಟವರು ದೇಣಿಗೆಯ ಅರ್ಧವನ್ನು ಆದಾಯದಿಂದ ಕಳೆಯಬಹುದು, ಅದಕ್ಕೂ ಒಂದು ಮಿತಿ ಇದೆ. ಉಳಿದದ್ದನ್ನು ಆ ಯಜಮಾನರ ಬಾಯಲ್ಲೇ ಕೇಳಿ. ಕಾಫಿ ಮುಗಿದ ಮೇಲೆ ಅವರು ಗಲ್ಲಾದಿಂದ ಐದು ಸಾವಿರ ಎಣಿಸಿದರು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ರಿಯಾಯಿತಿ ಸಿಗೋದಿಲ್ಲ ಅಂದೆ. ನೋಟು ಒಳಗಿಟ್ಟು ಫೋನ್ ತೆಗೆದರು. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಹೇಗೂ ಸಿಗೋದಿಲ್ಲ ಅಂದೆ.

"ಹಾಗಾದ್ರೆ ರಸೀದಿ ನನ್ನ ಹೆಂಡತಿ ಹೆಸರಲ್ಲಿ ಮಾಡಿ. ಅವಳದ್ದು ಹಳೇದು."

ಆಗ ದುಡ್ಡೂ ಅವರ ಖಾತೆಯಿಂದಲೇ ಬರಬೇಕಾಗುತ್ತದೆ ಅಂದೆ. ಯಜಮಾನರು ನನ್ನನ್ನೇ ಒಂದು ಗಳಿಗೆ ನೋಡಿದರು. ಮನೆಯ ನಂಬರ್ ಒತ್ತಿ, "ಅದನ್ನ ನೀವೇ ಹೇಳಿ ಅವಳಿಗೆ" ಅಂತ ಫೋನನ್ನು ನನ್ನ ಕೈಗೆ ಕೊಟ್ಟರು.