ಇಲಿಯಲ್ಲಿ ತೆಗೆದ್ರೆ ಒಳ್ಳೇದಾಯ್ತು ಅಂದ ಮಾತ್ರಕ್ಕೆ ಅದು ಕೆಟ್ಟ ಜೀನ್ ಅಲ್ಲ

ಯಾವುದೋ ಜೀನ್ ತೆಗೆದ ಇಲಿಗಳಿಗೆ ಹಾರ್ಟ್ ಅಟ್ಯಾಕ್ ಡ್ಯಾಮೇಜ್ ಕಮ್ಮಿ ಆಯ್ತು ಅಂತ ಎಲ್ಲಾದ್ರೂ ಸುದ್ದಿ ಬಂದ್ರೆ ಸಾಕು, ಸ್ಟೂಡೆಂಟ್ಸು, ನೆಂಟರು, ಪೇಷೆಂಟ್ ಮನೆಯವರು ಎಲ್ಲರದ್ದೂ ಒಂದೇ ಪ್ರಶ್ನೆ, "ಮೇಡಂ, ಹಂಗಾದ್ರೆ ಆ ಜೀನ್ ಆಫ್ ಮಾಡಿಬಿಟ್ರೆ ಆಯ್ತಲ್ವಾ?" ಆಗಲ್ಲ. ನಾನು ಡಾಕ್ಟರ್ ಅಲ್ಲ, ಇಲಿಗಳ ಜೀನ್ ಮೇಲೆ ಕೆಲಸ ಮಾಡೋವ್ಳು, ಅದಕ್ಕೇ ಈ ಮಾತು ಕೇಳಿದಾಗಲೆಲ್ಲ ತಾಳ್ಮೆ ಕೆಡುತ್ತೆ.

ಪಿಪಿಐಎಫ್ ಅನ್ನೋ ಜೀನ್ ತಗೊಳ್ಳಿ. ಇಲಿಯಲ್ಲಿ 14ನೇ ಕ್ರೋಮೋಸೋಮ್ ಮೇಲಿದೆ, ನಮ್ಮಲ್ಲಿ 10ನೇದರ ಮೇಲೆ. ಇದರಿಂದ ಬರೋ ಪ್ರೋಟೀನ್ ಹೆಸರು ಸೈಕ್ಲೋಫಿಲಿನ್ ಡಿ, ಪ್ರೋಟೀನ್ ಮಡಚೋ ಎನ್‌ಜೈಮ್‌ಗಳ ಕುಟುಂಬಕ್ಕೆ ಸೇರಿದ್ದು. ಪ್ರೋಟೀನ್ ಸರಪಳಿಯಲ್ಲಿ ಪ್ರೋಲೀನ್ ಅನ್ನೋ ಅಮೈನೋ ಆಸಿಡ್ ಇರೋ ಕಡೆ ಬಂಧ ಎರಡು ಥರ ತಿರುಗಿ ಕೂರಬಹುದು, ತಾನಾಗೇ ತಿರುಗೋದು ತುಂಬಾ ನಿಧಾನ, ಎನ್‌ಜೈಮ್ ಇದ್ರೆ ಬೇಗ ಆಗುತ್ತೆ. ಈ ಕೆಲಸ ಮಾಡೋ ಎನ್‌ಜೈಮೂ, ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆದವರು ತಗೊಳ್ಳೋ ಸೈಕ್ಲೋಸ್ಪೋರಿನ್ ಹೋಗಿ ಅಂಟ್ಕೊಳ್ಳೋ ಸೈಕ್ಲೋಫಿಲಿನ್ ಪ್ರೋಟೀನೂ ಎರಡೂ ಒಂದೇ ಅಂತ 1989ರಲ್ಲಿ ಗೊತ್ತಾಯ್ತು. ಆ ಕುಟುಂಬದಲ್ಲಿ ಡಿ ಇರೋದು ಮೈಟೋಕಾಂಡ್ರಿಯಾ ಒಳಗೆ, ಅಂದ್ರೆ ಜೀವಕೋಶಕ್ಕೆ ಶಕ್ತಿ ತಯಾರಿಸೋ ಭಾಗದಲ್ಲಿ, ಅದೇ ಅದರ ವಿಶೇಷ.

ಹಾರ್ಟ್ ಅಟ್ಯಾಕ್ ಆದಾಗ ಬ್ಲಾಕ್ ತೆಗೆದ ಕೂಡ್ಲೇ ರಕ್ತ ವಾಪಸ್ ನುಗ್ಗುತ್ತಲ್ಲ, ಆ ಹೊತ್ತಲ್ಲಿ ಮೈಟೋಕಾಂಡ್ರಿಯಾದಲ್ಲಿ ಕ್ಯಾಲ್ಸಿಯಂ ತುಂಬ್ಕೊಂಡು ಒಳಪೊರೆಯಲ್ಲಿ ಒಂದು ರಂಧ್ರ ತೆರ್ಕೊಳ್ಳುತ್ತೆ, ನೀರು ನುಗ್ಗಿ ಊದ್ಕೊಂಡು ಒಡೆಯುತ್ತೆ, ಜೀವಕೋಶ ಸಾಯುತ್ತೆ. ರಂಧ್ರ ಯಾವ ಪ್ರೋಟೀನಿಂದ ಆಗಿದೆ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಆದ್ರೆ ಅದು ಸುಲಭವಾಗಿ ತೆರ್ಕೊಳ್ಳೋಕೆ ಸೈಕ್ಲೋಫಿಲಿನ್ ಡಿ ಸಹಾಯ ಮಾಡುತ್ತೆ ಅನ್ನೋದರಲ್ಲಿ ಅನುಮಾನ ಇಲ್ಲ. 2005ರಲ್ಲಿ ನಾಲ್ಕು ಬೇರೆಬೇರೆ ಗುಂಪುಗಳು, ಅಮೆರಿಕದಲ್ಲಿ ಎರಡು, ಜಪಾನ್ ಮತ್ತೆ ಇಟಲಿಯಲ್ಲಿ ಒಂದೊಂದು, ಪಿಪಿಐಎಫ್ ಇಲ್ಲದ ಇಲಿಗಳನ್ನ ಮಾಡಿ ತೋರಿಸಿದ್ವು. ಇಲಿಗಳು ಹುಟ್ಟಿದ್ವು, ಮರಿ ಹಾಕಿದ್ವು, ಮೇಲ್ನೋಟಕ್ಕೆ ಆರೋಗ್ಯವಾಗೇ ಇದ್ವು, ಹೃದಯದ ರಕ್ತನಾಳ ಕಟ್ಟಿ ಬಿಚ್ಚಿದಾಗ ಸತ್ತ ಸ್ನಾಯುವಿನ ಜಾಗ ಚಿಕ್ಕದಾಗಿತ್ತು. ಎಲ್ಲರೂ ಇಲ್ಲಿಗೇ ಓದು ನಿಲ್ಲಿಸ್ತಾರೆ.

ಅದೇ ಪೇಪರ್‌ಗಳಲ್ಲಿ ಇನ್ನೊಂದು ವಿಷ್ಯ ಇದೆ. ಜೀನ್ ಇಲ್ಲದಿದ್ರೂ ರಂಧ್ರ ತೆರ್ಕೊಳ್ಳುತ್ತೆ, ಆದ್ರೆ ಅದಕ್ಕೆ ಕ್ಯಾಲ್ಸಿಯಂ ಜಾಸ್ತಿ ಬೇಕು, ಅಂದ್ರೆ ಈ ಪ್ರೋಟೀನ್ ಎಷ್ಟು ಕ್ಯಾಲ್ಸಿಯಂಗೆ ರಂಧ್ರ ತೆರೀಬೇಕು ಅನ್ನೋ ಮಟ್ಟವನ್ನ ಮಾತ್ರ ಬದಲಾಯಿಸುತ್ತೆ. ಕುಕ್ಕರ್ ಮೇಲಿನ ವೆಯ್ಟ್ ಥರ ಯೋಚ್ನೆ ಮಾಡಿ. ಜೀನ್ ತೆಗೆಯೋದು ಅಂದ್ರೆ ಆ ವೆಯ್ಟ್ ಭಾರ ಮಾಡಿದ ಹಾಗೆ, ಒಂದು ಸಲ ಉರಿ ಜೋರಾದಾಗ ಆವಿ ಹೋಗಲ್ಲ, ಸರಿ, ಆದ್ರೆ ದಿನಾ ಸ್ವಲ್ಪಸ್ವಲ್ಪ ಆವಿ ಹೋಗಬೇಕಾಗಿದ್ದಿದ್ದೂ ಹೋಗಲ್ಲ. ರಂಧ್ರ ಕ್ಷಣಹೊತ್ತು ತೆರೆದು ಮುಚ್ಚೋದ್ರಿಂದ ಮೈಟೋಕಾಂಡ್ರಿಯಾ ಹೆಚ್ಚಾದ ಕ್ಯಾಲ್ಸಿಯಂ ಹೊರಗೆ ಹಾಕುತ್ತೆ ಅಂತ ಕಾಣುತ್ತೆ. 2010ರಲ್ಲಿ ಪಿಪಿಐಎಫ್ ಇಲ್ಲದ ಇಲಿಗಳ ಮಹಾಪಧಮನಿ ಬಿಗಿದು ಹೃದಯದ ಮೇಲೆ ವಾರಗಟ್ಟಲೆ ಒತ್ತಡ ಹಾಕಿ ನೋಡಿದ್ರು, ಈ ಇಲಿಗಳಿಗೇ ಹಾರ್ಟ್ ಫೇಲ್ಯೂರ್ ಜಾಸ್ತಿ ಆಯ್ತು, ಮೈಟೋಕಾಂಡ್ರಿಯಾದಲ್ಲಿ ಕ್ಯಾಲ್ಸಿಯಂ ಕೂಡ ಜಾಸ್ತಿ ಇತ್ತು. ಇನ್ನೊಂದು ಸ್ಟಡಿಯಲ್ಲಿ ಇಂಥ ಇಲಿಗಳು ದೊಡ್ಡವಾದ ಮೇಲೆ ದಪ್ಪ ಆದ್ವು, ಹೆಚ್ಚು ಹೆದರ್ತಿದ್ವು. ಅದೇ ಜೀನ್, ಅದೇ ಇಲಿ. ಅರ್ಧ ಗಂಟೆಯ ಪೆಟ್ಟಿಗೆ ಒಳ್ಳೇದಾಗಿದ್ದು ವಾರಗಟ್ಟಲೆ ಒತ್ತಡಕ್ಕೆ ಕೆಟ್ಟದಾಯ್ತು.

ಮನುಷ್ಯರ ಕಥೆಯೂ ಹೇಳ್ತೀನಿ. ಸೈಕ್ಲೋಸ್ಪೋರಿನ್ ಈ ಪ್ರೋಟೀನನ್ನೂ ತಡೆಯುತ್ತೆ, ಹಾಗಾಗಿ 2008ರಲ್ಲಿ ಫ್ರಾನ್ಸ್‌ನಲ್ಲಿ ಹಾರ್ಟ್ ಅಟ್ಯಾಕ್ ಆದ 58 ಜನರ ಮೇಲೆ, ಸ್ಟೆಂಟ್ ಹಾಕೋಕೆ ಮುಂಚೆ ಇಂಜೆಕ್ಷನ್ ಕೊಟ್ಟು ನೋಡಿದ್ರು, ಡ್ಯಾಮೇಜ್ ಕಮ್ಮಿ ಕಾಣಿಸ್ತು, ಎಲ್ಲರಿಗೂ ಉತ್ಸಾಹ. ಆಮೇಲೆ 970 ಜನರ ಸರ್ಕಸ್ ಅನ್ನೋ ಟ್ರಯಲ್ 2015ರಲ್ಲಿ ಬಂತು. ಸಾವು, ಹಾರ್ಟ್ ಫೇಲ್ಯೂರ್, ಹೃದಯ ಹಿಗ್ಗೋದು ಎಲ್ಲ ಸೇರಿಸಿ ಒಂದು ವರ್ಷದಲ್ಲಿ ಔಷಧಿ ಗುಂಪಿನಲ್ಲಿ 59.0 ಪರ್ಸೆಂಟ್, ಇನ್ನೊಂದರಲ್ಲಿ 58.1. ಏನೂ ವ್ಯತ್ಯಾಸ ಇಲ್ಲ. ಕಾರಣ ಒಂದೇ ಅಂತ ನಾನು ಹೇಳಲ್ಲ, ಆದ್ರೆ ಇಲಿ ಎಳೇದು, ಶುಗರ್ ಇಲ್ಲ, ಬೀಪಿ ಇಲ್ಲ, ನಾಳ ಕಟ್ಟಿದ ನಿಮಿಷ ನಮಗೆ ಗೊತ್ತು, ಎಲ್ಲಾ ಇಲಿಗಳೂ ಹೆಚ್ಚುಕಮ್ಮಿ ಅವಳಿಜವಳಿ. ಸ್ಟೆಂಟ್ ಹಾಕೋ ಕ್ಯಾಥ್ ಲ್ಯಾಬ್‌ಗೆ ಬರೋರು ಹಂಗಿರ್ತಾರಾ?

ಒಂದ್ಸಲ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದ್ರೆ ಸ್ನಾಯು ಕ್ರಮೇಣ ಸವೆದು ಹೋಗೋ ಕಾಯಿಲೆ ಇರೋ ಹುಡುಗನ ಅಪ್ಪ ಅಮ್ಮ ಬಂದಿದ್ರು, 2008ರದ್ದೇ ಇನ್ನೊಂದು ಪೇಪರ್ ಪ್ರಿಂಟ್ ತಗೊಂಡು, ಒಂದೊಂದು ಸಾಲಿಗೂ ಹಳದಿ ಬಳಿದಿತ್ತು. ಡಿಸ್ಟ್ರೋಫಿ ಇಲಿಗಳಲ್ಲಿ ಪಿಪಿಐಎಫ್ ತೆಗೆದಾಗ ಸ್ನಾಯು ಉಳೀತು ಅಂತ ಅದರಲ್ಲಿ ಇದೆ, ನಿಜಾನೇ. ಆ ತಾಯಿ ನನಗಿಂತ ಚೆನ್ನಾಗಿ ಓದ್ಕೊಂಡಿದ್ರು, ಅವರ ಮೇಲೆ ಸಿಟ್ಟು ಹೆಂಗೆ ಬರುತ್ತೆ. ಆದ್ರೆ ಮೆಡಿಕಲ್ ಶಾಪ್‌ನಲ್ಲಿ ಸೈಕ್ಲೋಸ್ಪೋರಿನ್ ಕೇಳೋಣ ಅಂತ ಯೋಚ್ನೆ ಮಾಡಿದ್ರು, ಆಗ ನಾನು ದನಿ ಏರಿಸಿದ್ದು ನಿಜ. ಆ ಔಷಧಿ ಡಿ ಒಂದನ್ನೇ ಹುಡುಕ್ಕೊಂಡು ಹೋಗಲ್ಲ, ಸೈಕ್ಲೋಫಿಲಿನ್ ಎ ಜೊತೆ ಸೇರಿ ರೋಗನಿರೋಧಕ ಶಕ್ತಿ ಕುಗ್ಗಿಸುತ್ತೆ, ಕಿಡ್ನಿಗೆ ಹೊಡೆತ, ಬೀಪಿ ಏರುತ್ತೆ, ಇನ್‌ಫೆಕ್ಷನ್ ಭಯ. ಅದಕ್ಕಿಂತ ಸ್ಟೀರಾಯ್ಡ್ ಬಗ್ಗೆ ನ್ಯೂರಾಲಜಿಸ್ಟ್ ಹತ್ರ ಮಾತಾಡಿ, ಹೃದಯದ ಎಕೋ ತಪ್ಪಿಸಬೇಡಿ, ಫಿಸಿಯೋಥೆರಪಿ ಬಿಡಬೇಡಿ ಅಂದೆ. ತಾಯಿ ಎಲ್ಲಾ ಬರ್ಕೊಂಡ್ರು, ಪೇಪರ್‌ನಲ್ಲಿ ಇಲಿಗಳ ವಯಸ್ಸು ಎಷ್ಟು ಅಂತಾನೂ ಕೇಳಿದ್ರು, ಅದೇ ಸರಿಯಾದ ಪ್ರಶ್ನೆ.

ಇಂಥ ಪೇಪರ್ ಓದೋರು ದಯವಿಟ್ಟು ನೋಡಬೇಕಾದ್ದು, ಜೀನ್ ಹುಟ್ಟೋಕೆ ಮುಂಚೆನೇ ತೆಗೆದಿದ್ರಾ ಅಥವಾ ರೋಗ ಬಂದ ಮೇಲಾ, ಇಲಿಯನ್ನ ಎಷ್ಟು ದಿನ ನೋಡಿದ್ರು, ಬೇರೆ ಥರ ಪೆಟ್ಟು ಕೊಟ್ಟು ನೋಡಿದ್ರಾ. ಡಿ ಒಂದನ್ನೇ ತಡೆದು ಇಮ್ಯುನಿಟಿ ಮುಟ್ಟದ ಔಷಧಿಗಳನ್ನ ಹಲವು ಲ್ಯಾಬ್‌ಗಳು ಹುಡುಕ್ತಿವೆ, ಅದು ಒಳ್ಳೇ ಕೆಲಸ, ನನಗೂ ಆಸೆ ಇದೆ. ಆದ್ರೆ ಸ್ಟೆಂಟ್ ಹಾಕೋ ಕೆಲವು ಗಂಟೆ ತಡೆಯೋದು ಬೇರೆ, ಬೆಳೆಯೋ ಹುಡುಗನಿಗೆ ವರ್ಷಗಟ್ಟಲೆ ತಡೆಯೋದು ಬೇರೆ, ಎರಡನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಲೇಬೇಕು.