ಪ್ರಬಂಧ ಪರೀಕ್ಷೆಗೆ ಪೆನ್ನೋ, ಕೀಲಿಮಣೆಯೋ?

ಶಾಲೆಯ ಪ್ರಬಂಧ ಪರೀಕ್ಷೆಯನ್ನು ಕೈಯಲ್ಲಿ ಬರೆಸುವ ಬದಲು ಟೈಪ್ ಮಾಡಿಸಬೇಕೇ? ಕನ್ನಡದಲ್ಲಿ ಬರೆಯುವ ಮಕ್ಕಳ ಕಡೆಯಿಂದ ಇದನ್ನು ನೋಡೋಣ.

ತೀರ್ಥಹಳ್ಳಿಯ ಹುಡುಗಿಯೊಬ್ಬಳು ತನ್ನ ಊರಿನ ಹೆಸರು ಬರೆಯುತ್ತಾಳೆ ಅಂದುಕೊಳ್ಳಿ. ಕೈ ಮೊದಲು ‘ತೀ’ ಬರೆಯುತ್ತದೆ, ಆಮೇಲೆ ‘ಥ’, ಅದರ ಪಕ್ಕಕ್ಕೆ ಅರ್ಕಾವತ್ತು. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಈ ಕ್ರಮ ತಲೆಕೆಳಗು. ‘ರ’ ಮೊದಲು, ನಂತರ ಒತ್ತಕ್ಷರ ಜೋಡಿಸುವ ಕೀಲಿ, ಕೊನೆಗೆ ‘ಥ’. ಪೂರ್ತಿ ಹೆಸರಿಗೆ 10 ಕೀಲಿ ಒತ್ತಬೇಕು, ಅದರಲ್ಲಿ 4 ಶಿಫ್ಟ್ ಹಿಡಿದುಕೊಂಡು. ಪೆನ್ನು ಅಕ್ಷರದ ಆಕಾರವನ್ನು ಹಿಡಿದು ಹೋಗುತ್ತದೆ, ಕೀಲಿಮಣೆ ಉಚ್ಚಾರವನ್ನು. ರೂಢಿಯಾದರೆ ಬೆರಳು ತಾನಾಗಿ ಓಡುತ್ತದೆ. ಆದರೆ ರೂಢಿಯಾಗಬೇಕು, ಅಲ್ವಾ?

ಇದು ಯಾಕೆ ಮುಖ್ಯ ಅಂದರೆ, ಒಂದು ಗಳಿಗೆಯಲ್ಲಿ ನಮ್ಮ ಮನಸ್ಸು ಹಿಡಿದಿಟ್ಟುಕೊಳ್ಳುವುದು ಬಹಳ ಕಡಿಮೆ. ವಿಜ್ಞಾನಿಗಳು ಇದಕ್ಕೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಪ್ರಬಂಧ ಬರೆಯುವಾಗ ಆಗಲೇ ಹೇಳಿದ್ದು, ಮುಂದೆ ಹೇಳಬೇಕಾದ್ದು, ಕೊಡಬೇಕೆಂದಿದ್ದ ಉದಾಹರಣೆ ಎಲ್ಲವೂ ಅಲ್ಲೇ ಇರಬೇಕು. ‘ಳ’ ಎಲ್ಲಿದೆ ಎಂದು ಹುಡುಕುತ್ತ ಕೂತರೆ ಆ ಜಾಗ ಹುಡುಕಾಟಕ್ಕೇ ಹೋಗುತ್ತದೆ. ಅಕ್ಷರ ಮೂಡಿಸಲು ಒದ್ದಾಡುವ ಮಗುವಿಗೆ ಪೆನ್ನಿನಲ್ಲೂ ಇದೇ ಕಷ್ಟ. ಯಾವುದು ತರಗತಿಯ ಮಕ್ಕಳ ಕೈಗೆಲ್ಲ ಚೆನ್ನಾಗಿ ಹತ್ತಿದೆಯೋ ಅದರಲ್ಲೇ ಎಲ್ಲರ ಪರೀಕ್ಷೆ ನಡೆಯಲಿ ಎಂದು ನಾನು ಹೇಳುವುದು ಇದಕ್ಕೇ.

ಕೈಬರಹವೇ ಮಿದುಳಿಗೆ ಒಳ್ಳೆಯದು ಎನ್ನುವವರು 2024ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವನ್ನು ತೋರಿಸುತ್ತಾರೆ. ಅಲ್ಲಿ 36 ವಿದ್ಯಾರ್ಥಿಗಳು ಕೈಯಲ್ಲಿ ಬರೆದಾಗ ಮಿದುಳಿನ ಭಾಗಗಳ ನಡುವಿನ ಸಂಪರ್ಕ ಜಾಸ್ತಿ ಕಂಡಿತು. ಆದರೆ ಅವರು ಟೈಪ್ ಮಾಡಿದ್ದು ಒಂದೇ ಬೆರಳಿನಲ್ಲಿ, ಅದೂ ಬಿಡಿ ಪದಗಳನ್ನು. ಅದನ್ನು ಪ್ರಬಂಧ ಪರೀಕ್ಷೆಗೆ ಸುಮ್ನೆ ಅನ್ವಯಿಸಲು ಬರುವುದಿಲ್ಲ.

ಅಂಕದ ವಿಷಯ ನನಗೆ ಹೆಚ್ಚು ಚಿಂತೆಯದು. 1994ರ ಅಮೆರಿಕದ ಅಧ್ಯಯನವೊಂದರಲ್ಲಿ ಕೈಬರಹದ ಪ್ರಬಂಧಗಳನ್ನೇ ಟೈಪ್ ಮಾಡಿಸಿ ಮತ್ತೆ ತಿದ್ದಿಸಿದರು. ಸರಾಸರಿ ಅಂಕ ಇಳಿಯಿತು! ಅಚ್ಚಿನಲ್ಲಿ ತಪ್ಪು ಎದ್ದು ಕಾಣುತ್ತದೆ, ಬರಹವೂ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಒಂದೇ ಪರೀಕ್ಷೆಯಲ್ಲಿ ಅರ್ಧ ಮಕ್ಕಳು ಪೆನ್ನು, ಅರ್ಧ ಮಕ್ಕಳು ಕಂಪ್ಯೂಟರ್ ಎಂದರೆ ಅನ್ಯಾಯವಾಗುತ್ತದೆ. ಬರೆಯುವುದೇ ಕಷ್ಟವಾದ ಮಕ್ಕಳ ಮಾತು ಬೇರೆ. ಅವರಿಗೆ ಕೀಲಿಮಣೆ ಈಗಲೇ ಸಿಗಬೇಕು, ತಿದ್ದುವವರಿಗೆ ಈ ಪಕ್ಷಪಾತದ ಬಗ್ಗೆ ಮೊದಲೇ ತಿಳಿಸಬೇಕು.

ಫಿನ್ಲೆಂಡ್ ತನ್ನ ಪ್ರೌಢಶಿಕ್ಷಣದ ಕೊನೆಯ ಪರೀಕ್ಷೆಯನ್ನು ಕಂಪ್ಯೂಟರಿಗೆ ತಂದಿತು. 2016ರಲ್ಲಿ ಕೆಲವೇ ವಿಷಯಗಳಿಂದ ಶುರುಮಾಡಿ, 2019ರಲ್ಲಿ ಗಣಿತದೊಂದಿಗೆ ಮುಗಿಸಿತು. ಅಷ್ಟು ಸೌಕರ್ಯವಿದ್ದ ದೇಶವೂ ಅವಸರ ಮಾಡಲಿಲ್ಲ.

ಮಲೆನಾಡಿನಲ್ಲಿ ಎಸ್ಸೆಸ್ಸೆಲ್ಸಿ ಮುಖ್ಯ ಪರೀಕ್ಷೆ ಬೇಸಿಗೆಯಲ್ಲಿ ಬರುತ್ತದೆ, ಆದರೆ ಅಭ್ಯಾಸ ನಡೆಯಬೇಕಾದ್ದು ಮಳೆಗಾಲದಲ್ಲಿ. ಆಗುಂಬೆ, ಹೊಸನಗರದ ಕಡೆ ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಶರಾವತಿಯ ವಿದ್ಯುತ್ತನ್ನು ರಾಜ್ಯಕ್ಕೆಲ್ಲ ಕೊಟ್ಟ ಜಿಲ್ಲೆಯ ಮಕ್ಕಳು ಆ ಕಾರಣಕ್ಕೆ ಹಿಂದೆ ಬೀಳಬಾರದು. ಆರನೇ ತರಗತಿಯಿಂದಲೇ ವಾರಕ್ಕೊಂದು ಪೀರಿಯಡ್ ಕನ್ನಡ ಟೈಪಿಂಗ್ ಇರಲಿ, ಲ್ಯಾಬಿಗೆ ಇಡೀ ದಿನ ತಡೆಯುವ ಬ್ಯಾಟರಿ ಇರಲಿ. ಹಾಗೆ ಕಲಿತ ಮಕ್ಕಳು ಹತ್ತನೇ ತರಗತಿಗೆ ಬಂದ ವರ್ಷ, ಮೊದಲು ಒಂದು ವಿಷಯದಲ್ಲಿ ಟೈಪ್ ಮಾಡಿಸಿ ನೋಡಲಿ.