ಮೊದಲಿಗೇ ಒಂದು ಸೊನ್ನೆ ಯಾಕೆ?

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿ ಭಾಷೆಯ ಪಾಯಿಂಟರ್ (ಮೆಮೊರಿ ವಿಳಾಸ ಹಿಡಿದಿಡುವ ವೇರಿಯಬಲ್) ಜೊತೆ ಗುದ್ದಾಡಿ ಕಂಪೈಲರ್ ಪಾಠಕ್ಕೆ ಬಂದ ಹುಡುಗರಿಗೆ, ಕ್ಲ್ಯಾಂಗ್ ಎಂಬ ಸಿ ಕಂಪೈಲರ್ ಯಂತ್ರಭಾಷೆಗೆ ಹೋಗುವ ಮುನ್ನ ತಯಾರಿಸುವ ಎಲ್‌ಎಲ್‌ವಿಎಂ ಮಧ್ಯಂತರ ಭಾಷೆಯನ್ನು ತೆರೆದ ಕೂಡಲೇ ಕಣ್ಣಿಗೆ ಬೀಳುವ ಸೂಚನೆ ‘ಗೆಟ್‌ಎಲಿಮೆಂಟ್‌ಪಿಟಿಆರ್’. ಚಿಕ್ಕದಾಗಿ ಗೆಪ್. ಬೇಕಾದ್ದು ಮೆಮೊರಿಯಲ್ಲಿ ಎಲ್ಲಿದೆ ಎಂದು ವಿಳಾಸ ಲೆಕ್ಕ ಹಾಕುವುದು ಇದರ ಕೆಲಸ. ಹಲವು ಫೀಲ್ಡ್‌ಗಳನ್ನು ಒಟ್ಟಿಗೆ ಕಟ್ಟಿದ ಸ್ಟ್ರಕ್ಚರ್‌ನ ಎರಡನೇ ಫೀಲ್ಡ್ ಬೇಕು ಅಂದರೆ, ಎಣಿಕೆ ಸೊನ್ನೆಯಿಂದ ಶುರು, 1 ಅಂತ ಕೊಟ್ಟರೆ ಸಾಕಲ್ವಾ? ಅಲ್ಲಿ ನೋಡಿದರೆ ‘0, 1’ ಅಂತ ಇರುತ್ತದೆ.

ಆ ಸೊನ್ನೆ ಸಿ ಭಾಷೆಯಲ್ಲೂ ಇದೆ, ಕಾಣುವುದಿಲ್ಲ ಅಷ್ಟೇ. ಬಾಣದ ಗುರುತು ಹಾಕಿ ಫೀಲ್ಡ್ ಕೇಳುವುದೂ ಒಂದೇ, ಪಿ[0] ಎಂದು ಬರೆದು ಚುಕ್ಕಿ ಇಟ್ಟು ಕೇಳುವುದೂ ಒಂದೇ. ಪಾಯಿಂಟರ್ ತೋರಿಸುವ ಜಾಗದಲ್ಲಿ ಒಂದೇ ಸ್ಟ್ರಕ್ಚರ್ ಇರಬಹುದು, ಸಾಲಾಗಿ ನೂರು ಇರಬಹುದು. ಯಾವುದು ಎಂದು ಮೊದಲ ಸಂಖ್ಯೆ ಹೇಳುತ್ತದೆ. ಅದರೊಳಗೆ ಎಲ್ಲಿ ಎಂದು ಎರಡನೆಯದು.

ಒಂದು ಲೆಕ್ಕ ನೋಡಿ. 4 ಬೈಟಿನ ಐಡಿ, ಆಮೇಲೆ 8 ಬೈಟಿನ ಡಬಲ್ (ದಶಮಾಂಶ ಸಂಖ್ಯೆ) ಇರುವ ಸ್ಟ್ರಕ್ಚರ್. 64 ಬಿಟ್ ಲಿನಕ್ಸ್‌ನಲ್ಲಿ ನಡುವೆ 4 ಬೈಟ್ ಖಾಲಿ ಬಿಟ್ಟು ಒಟ್ಟು 16 ಬೈಟ್ ಆಗುತ್ತದೆ. ‘3, 1’ ಎಂದರೆ ಮೂರು ಸಲ 16, ಅದಕ್ಕೆ ಡಬಲ್ ಶುರುವಾಗುವ 8 ಕೂಡಿಸಿ 56. ಇಲ್ಲಿ 3ಕ್ಕೆ ಗುಣಾಕಾರ ಇದೆ, 1ಕ್ಕೆ ಇಲ್ಲ. ಫೀಲ್ಡ್‌ಗಳ ಅಳತೆ ಒಂದೇ ಥರ ಇರಲ್ಲವಲ್ಲ. ಹಾಗಾಗಿ ಸ್ಟ್ರಕ್ಚರ್‌ನ ಫೀಲ್ಡ್ ಸಂಖ್ಯೆ ಕಂಪೈಲ್ ಹೊತ್ತಿಗೇ ಗೊತ್ತಿರುವ ಸ್ಥಿರ ಸಂಖ್ಯೆ ಆಗಿರಲೇಬೇಕು.

ಇನ್ನೊಂದು ಎಡವಟ್ಟು: ಗೆಪ್ ಮೆಮೊರಿಯನ್ನು ಓದುವುದೇ ಇಲ್ಲ. ವಿದ್ಯಾನಗರದ ಯಾವುದೋ ಮನೆಯ ಮೇನ್, ಕ್ರಾಸ್ ಬರೆದುಕೊಂಡ ಮಾತ್ರಕ್ಕೆ ಬಾಗಿಲು ತಟ್ಟಿದ ಹಾಗಾಯಿತೇ? ಓದುವುದಕ್ಕೆ ‘ಲೋಡ್’ ಎಂಬ ಸೂಚನೆ ಬೇರೆ ಇದೆ. ಸ್ಟ್ರಕ್ಚರ್ ಒಳಗಿನ ಪಾಯಿಂಟರ್ ಹಿಡಿದು ಮುಂದೆ ಹೋಗಬೇಕಾದರೆ ಗೆಪ್, ಲೋಡ್, ಮತ್ತೆ ಗೆಪ್. ಒಂದೇ ಗೆಪ್‌ನಲ್ಲಿ ಆಗಲ್ಲ.

ಇಷ್ಟು ಸುತ್ತು ಯಾಕೆ ಬಂತು? ಎಲ್‌ಎಲ್‌ವಿಎಂ ಶುರುವಾಗಿದ್ದು 2000ದಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಆಡ್ವೆ ಕಟ್ಟಿದ ಆ ಭಾಷೆಯಲ್ಲಿ ಪ್ರತಿ ಪಾಯಿಂಟರ್‌ಗೂ ತಾನು ಯಾವುದನ್ನು ತೋರಿಸುತ್ತೇನೆ ಎಂಬ ಟೈಪ್ ಅಂಟಿಕೊಂಡಿತ್ತು. ಗೆಪ್ ಆ ಟೈಪ್ ನೋಡಿಕೊಂಡೇ ಲೆಕ್ಕ ಹಾಕುತ್ತಿತ್ತು. ಓದಲು ಚೆನ್ನ. ಆದರೆ ಬೈಟ್‌ಗಳಿಗೆ ಟೈಪ್ ಎಲ್ಲಿದೆ? ಟೈಪ್ ಹೊಂದಿಸಲೆಂದೇ ಸುಮ್ನೆ ಬಿಟ್‌ಕಾಸ್ಟ್‌ಗಳು (ವಿಳಾಸ ಹಾಗೇ ಇಟ್ಟು ಟೈಪ್ ಮಾತ್ರ ಬದಲಿಸುವ ಸೂಚನೆಗಳು) ಜಾಸ್ತಿಯಾದವು. ಅವುಗಳನ್ನು ದಾಟಿ ನೋಡುವುದೇ, ಪ್ರೋಗ್ರಾಂ ಚುರುಕು ಮಾಡುವ ಆಪ್ಟಿಮೈಸರ್‌ಗೆ ಒಂದು ಕೆಲಸವಾಯಿತು.

ಬಿಡಿಸಿಕೊಳ್ಳಲು ವರ್ಷಗಳೇ ಹಿಡಿದವು. 2015ರ ಎಲ್‌ಎಲ್‌ವಿಎಂ 3.7 ಆವೃತ್ತಿಯಲ್ಲಿ ಲೆಕ್ಕದ ಟೈಪನ್ನು ಗೆಪ್‌ನಲ್ಲೇ ಪ್ರತ್ಯೇಕವಾಗಿ ಬರೆಯುವ ನಿಯಮ ಬಂತು. 2022ರ ಆವೃತ್ತಿ 15ರಲ್ಲಿ ಟೈಪ್ ಇಲ್ಲದ ಬರೀ ‘ಪಿಟಿಆರ್’ ರೂಢಿಯಾಯಿತು. 2023ರ ಆವೃತ್ತಿ 17ರಲ್ಲಿ ಟೈಪ್ ಅಂಟಿದ ಹಳೆಯ ಪಾಯಿಂಟರ್‌ಗಳನ್ನು ಕಿತ್ತೇ ಹಾಕಿದರು.

ಈ ನಡುವೆ ಗೆಪ್ ಪಕ್ಕದಲ್ಲಿ ಉಳಿದುಕೊಂಡ ‘ಇನ್‌ಬೌಂಡ್ಸ್’ ಪದ ತುಂಬ ಜನರನ್ನು ದಾರಿ ತಪ್ಪಿಸುತ್ತದೆ. ಅದು ಗಡಿ ತಪಾಸಣೆ ಅಲ್ಲವೇ ಅಲ್ಲ. ಲೆಕ್ಕ ಒಂದೇ ವಸ್ತುವಿನ ಜಾಗದೊಳಗೆ ಇರುತ್ತದೆ ಎಂದು ಕಂಪೈಲರ್‌ಗೆ ಕೊಟ್ಟ ಮಾತು. ಮಾತು ತಪ್ಪಿದರೆ ಯಾರೂ ತಡೆಯುವುದಿಲ್ಲ. ಉತ್ತರ ‘ಪಾಯ್ಸನ್’, ಅಂದರೆ ನಂಬಲಾಗದ ಕೆಟ್ಟ ಬೆಲೆ ಆಗುತ್ತದೆ, ಅದನ್ನು ಬಳಸಿ ಮೆಮೊರಿ ಮುಟ್ಟಿದರೆ ಪ್ರೋಗ್ರಾಂ ಏನು ಬೇಕಾದರೂ ಮಾಡಬಹುದು.

2024ರಿಂದ ಆಪ್ಟಿಮೈಸರ್ ಸ್ಥಿರ ಸಂಖ್ಯೆಗಳ ಗೆಪ್ ಸಿಕ್ಕರೆ ಬೈಟ್ ಲೆಕ್ಕಕ್ಕೇ ಇಳಿಸುತ್ತದೆ. ಮೇಲಿನ ಸ್ಟ್ರಕ್ಚರ್‌ನಲ್ಲಿ ‘0, 1’ ಇದ್ದದ್ದು ‘ಐ8, 8’ ಆಗುತ್ತದೆ, ಅಂದರೆ ಒಂದೊಂದು ಬೈಟಿನ ಅಳತೆಯಲ್ಲಿ 8 ಮುಂದೆ. ಬೇರೆ ಬೇರೆ ಟೈಪ್‌ನಿಂದ ಒಂದೇ ವಿಳಾಸಕ್ಕೆ ಬಂದರೆ ಅವು ಒಂದೇ ಎಂದು ಥಟ್ಟನೆ ಗೊತ್ತಾಗುತ್ತದೆ. ಆಪ್ಟಿಮೈಸೇಷನ್ ಹಾಕದೆ ನೋಡಿದರೆ ಮಾತ್ರ ಸೊನ್ನೆ ಇನ್ನೂ ಅಲ್ಲೇ ಇದೆ. ಇನ್ನು ಲ್ಯಾಬಿನಲ್ಲಿ ಹಳೇ ನೋಟ್ಸ್ ನೋಡಿಕೊಂಡು ‘ಐ32’ ಪಕ್ಕ ನಕ್ಷತ್ರ ಹಾಕಿ ಹಳೇ ಥರ ಟೈಪ್ ಅಂಟಿದ ಪಾಯಿಂಟರ್ ಬರೆದರೆ, 17 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಆ ಟೈಪ್ ಉಳಿಯುವುದಿಲ್ಲ, ಬರೀ ‘ಪಿಟಿಆರ್’ ಆಗುತ್ತದೆ.